ಮಾನ ಯಾರಪ್ಪನ ಸ್ವತ್ತು?

ಶಿವಮೊಗ್ಗದಲ್ಲಿ ಬಿ.ಎ. ಹುಡುಗರಿಗೆ ಶೇಕ್ಸ್‌ಪಿಯರನ 'ನಾಲ್ಕನೇ ಹೆನ್ರಿ' ನಾಟಕದ ಮೊದಲ ಭಾಗ ಪಾಠ ಮಾಡುತ್ತಿದ್ದೆ. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗನೊಬ್ಬ ಎದ್ದುನಿಂತ. 'ಸಾರ್, ಮಾನ ಕಳಕೊಂಡ್ರೂ ಆ ರಾಜಕುಮಾರನಿಗೆ ಏನೂ ಆಗಲ್ಲವಲ್ಲ, ಅದು ಹೆಂಗೆ?' ಅಂತ ಕೇಳಿದ. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈ ಬರಹ ಅವನಿಗೆ ಕೊಡಬೇಕಿದ್ದ ಉತ್ತರ.

1596–97ರ ಸುಮಾರಿಗೆ ಬರೆದ ಈ ಚಾರಿತ್ರಿಕ ನಾಟಕ 1403ರ ಶ್ರೂಸ್‌ಬರಿ ಯುದ್ಧದೊಂದಿಗೆ ಮುಗಿಯುತ್ತದೆ. ದೊರೆ ಹೆನ್ರಿಗೆ ಮಗನದೇ ಕೊರಗು. ಮಗ ಹ್ಯಾಲ್ ಹೆಂಡದಂಗಡಿಯಲ್ಲಿ ಫಾಲ್‌ಸ್ಟಾಫನ ಜೊತೆ ಬಿದ್ದಿದ್ದಾನೆ. ಅತ್ತ ನಾರ್ಥಂಬರ್ಲೆಂಡಿನ ಮಗ ಹಾಟ್‌ಸ್ಪರ್ ರಣರಂಗದಲ್ಲಿ ಹೆಸರು ಮಾಡುತ್ತಿದ್ದಾನೆ. ಇಬ್ಬರೂ ತೊಟ್ಟಿಲಲ್ಲೇ ಅದಲುಬದಲಾಗಿದ್ದರೆ ಎಂದು ದೊರೆ ಹಲುಬುತ್ತಾನೆ. ಹ್ಯಾಲ್‌ಗೆ ಮಾತ್ರ ಚಿಂತೆಯಿಲ್ಲ. ಹಾಟ್‌ಸ್ಪರ್ ತನ್ನ ಪರವಾಗಿ ಕೀರ್ತಿ ಕೂಡಿಡುತ್ತಿರುವ ಏಜೆಂಟ ಅಷ್ಟೆ, ಒಂದು ದಿನ ಲೆಕ್ಕ ಕೇಳಿ ಎಲ್ಲವನ್ನೂ ವಸೂಲು ಮಾಡುತ್ತೇನೆ ಎಂಬ ಅರ್ಥದಲ್ಲಿ ಅಪ್ಪನಿಗೆ ಮಾತು ಕೊಡುತ್ತಾನೆ. ಗಮನಿಸಿ, ಇದು ವ್ಯಾಪಾರದ ಭಾಷೆ. ಮಾನ ಇಲ್ಲಿ ಅಪ್ಪನಿಂದ ಮಗನಿಗೆ ಇಳಿದು ಬರುವ ಆಸ್ತಿ. ಆಸ್ತಿಯಿದ್ದವನು ನಾಲ್ಕು ದಿನ ದುಂದು ಮಾಡಬಹುದು. ಅರಮನೆಯ ಬಾಗಿಲು ಅವನಿಗೆ ತೆರೆದೇ ಇರುತ್ತದೆ. ಕೇರಿಗೆ ಬಂದು ಉಂಡು, ಕ್ರಾಂತಿಗೀತೆ ಹಾಡಿ, ಹೊತ್ತಾದ ಮೇಲೆ ಮನೆಗೆ ಮರಳಿದ ಮೇಲ್ಜಾತಿ ಗೆಳೆಯರನ್ನು ಕಂಡವರಿಗೆ ಹ್ಯಾಲ್ ಹೊಸಬನೇನಲ್ಲ.

ವಿಮರ್ಶಕರಿಗೆ ಫಾಲ್‌ಸ್ಟಾಫ್ ಎಂದರೆ ಪ್ರೀತಿ. ಮಾನ ಅನ್ನೋದೆಲ್ಲ ಬರೀ ಗಾಳಿ ಎಂದು ಅವನು ಗೇಲಿ ಮಾಡಿದಾಗ ಊಳಿಗಮಾನ್ಯ ಮೌಲ್ಯವೇ ಕುಸಿದುಬಿತ್ತೆಂದು ಸಂಭ್ರಮಿಸುತ್ತೇವೆ. ಆದರೆ ಅವನು ಸೈನ್ಯಕ್ಕೆ ಜನ ಸೇರಿಸಿದ್ದು ಹೇಗೆ? ದುಡ್ಡಿದ್ದವರಿಂದ ದುಡ್ಡು ಕಿತ್ತುಕೊಂಡು ಬಿಟ್ಟುಬಿಟ್ಟ. ಸಿಕ್ಕಿಬಿದ್ದವರು ಗತಿಗೆಟ್ಟವರು, ಅಷ್ಟೂ ಜನಕ್ಕೆ ಸೇರಿ ಒಂದೂವರೆ ಅಂಗಿ. ಯುದ್ಧ ಮುಗಿಯುವ ಹೊತ್ತಿಗೆ ಆ ನೂರೈವತ್ತು ಜನರಲ್ಲಿ ಮೂವರೂ ಉಳಿದಿಲ್ಲ. ಅವರಿಗೆ ಹೆಸರಿಲ್ಲ. ಅವರ ಅಪ್ಪಂದಿರು ಕೊರಗುವ ದೃಶ್ಯವೂ ನಾಟಕದಲ್ಲಿಲ್ಲ. ಮಾನವೆಲ್ಲ ಹಳೇ ಸರಕು, ಅದನ್ನು ಕೈಬಿಡಿ ಎಂದು ನಮಗೆ ಬುದ್ಧಿ ಹೇಳುವ ಗೆಳೆಯರು ಈ ಲೆಕ್ಕವನ್ನೂ ಓದಬೇಕು. ಮಾನವನ್ನು ಗೇಲಿ ಮಾಡುವುದಕ್ಕೂ ಒಂದು ಅನುಕೂಲ ಬೇಕಾಗುತ್ತದೆ.

ನಮ್ಮ ಜಿಲ್ಲೆಗೆ ಶೇಕ್ಸ್‌ಪಿಯರ್ ಹೊರಗಿನವನಲ್ಲ. ಕುವೆಂಪು 'ರಕ್ತಾಕ್ಷಿ'ಯಲ್ಲಿ ಹ್ಯಾಮ್ಲೆಟನ ಕಥೆಯನ್ನು ಬಿದನೂರಿಗೆ ತಂದರು. ಆದರೆ ಅಲ್ಲೂ ಅಪ್ಪ ಎಂದರೆ ಅರಮನೆಯ ಅಪ್ಪ. ಅರಮನೆಯಿಲ್ಲದ ಅಪ್ಪನನ್ನು ಕಾಣಲು ಬೇರೆ ಪುಸ್ತಕ ತೆರೆಯಬೇಕು. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯ ಆರಂಭದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಇನ್ನೊಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬ, ಅದನ್ನು ನೋಡುತ್ತಿರುವ ಹುಡುಗನ ಅಪ್ಪ. ಈ ಅಪ್ಪನಿಗೆ ಮಾನವಿರಲಿಲ್ಲ ಎಂದಲ್ಲ. ಊರು ಅದನ್ನು ಯಾವ ಲೆಕ್ಕಕ್ಕೂ ಬರೆದುಕೊಂಡಿರಲಿಲ್ಲ. ಮಗ ಬರೆಯುತ್ತಾನೆ. ಶೇಕ್ಸ್‌ಪಿಯರನಲ್ಲಿ ಅಪ್ಪನಿಂದ ಮಗನಿಗೆ ಇಳಿಯುವ ಮಾನ, ದಲಿತ ಬರವಣಿಗೆಯಲ್ಲಿ ಮಗನಿಂದ ಅಪ್ಪನ ಕಡೆಗೆ ಹತ್ತುತ್ತದೆ.

ನಾನು ಕೆಲಸಕ್ಕೆ ಸೇರಿದ ದಿನ ನಮ್ಮಪ್ಪ ಜೊತೆಗೆ ಬಂದಿದ್ದ. ಸ್ಟಾಫ್ ರೂಮಿನ ಹೊರಗೇ ಚಪ್ಪಲಿ ಬಿಟ್ಟು ಗೋಡೆ ಪಕ್ಕ ನಿಂತ. 'ಕೂತ್ಕೊ ಬಾ ಅಪ್ಪ' ಅಂದೆ. 'ನೀನು ಕೂತಿದೀಯಲ್ಲ, ಸಾಕು ಬಿಡು' ಅಂದ. ಜನ ಇದನ್ನು ಹೆಮ್ಮೆಯ ಮಾತು ಅಂತಾರೆ. ನನಗದು ಈಗಲೂ ಮುಳ್ಳು. ಮಗನೊಬ್ಬ ಕೂತರೆ ಮುಗಿಯಲಿಲ್ಲ. ಅಪ್ಪ ಇನ್ನೂ ನಿಂತೇ ಇದ್ದಾನೆ.

ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಬಿ. ಕೃಷ್ಣಪ್ಪ (1938–1997) 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ್ದು ನಿಂತವರೆಲ್ಲ ಕೂರಲಿ ಎಂದೇ. ಆ ಚಳವಳಿ ಕಲಿಸಿದ ಸ್ವಾಭಿಮಾನ ತೊಟ್ಟಿಲಲ್ಲಿ ಸಿಗುವಂಥದ್ದಲ್ಲ. ಅದನ್ನು ಬೀದಿಯಲ್ಲಿ, ಜೊತೆಗಾರರೊಡನೆ ಗಳಿಸಬೇಕು. ಆ ಗಳಿಕೆಯಲ್ಲಿ ಹೆಸರಿಲ್ಲದ ನೂರೈವತ್ತು ಜನಕ್ಕೂ ಪಾಲಿದೆ.

ಹಾಗಾಗಿ ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೆ: ಹ್ಯಾಲ್ ಮಾನ ಕಳಕೊಂಡಿರಲೇ ಇಲ್ಲ, ನಾಲ್ಕು ದಿನ ಅಡವಿಟ್ಟಿದ್ದ. ನಮ್ಮಪ್ಪಂದಿರಿಗೆ ಅಡವಿಡುವುದಕ್ಕೂ ಯಾರೂ ಅದನ್ನು ಬಿಟ್ಟಿರಲಿಲ್ಲ.