ಲೆಕ್ಕಕ್ಕೆ ಬಾರದ ಕುರಿಗಳು

ಬಿಟಿಎಂ ಲೇಔಟ್‌ನ ನಮ್ಮ ಆಫೀಸಲ್ಲಿ ಲಿಫ್ಟ್ ಪಕ್ಕ ಒಂದು ಟಿವಿ ಇದೆ. ಈ ತಿಂಗಳು ಎಷ್ಟು ಯೂನಿಟ್ ಹಸಿರು ವಿದ್ಯುತ್ ಬಳಸಿದೆವು, ಅದು ಎಷ್ಟು ಮರ ನೆಟ್ಟಿದ್ದಕ್ಕೆ ಸಮ ಅಂತ ತೋರಿಸ್ತಾ ಇರುತ್ತೆ. ಡ್ಯಾಶ್‌ಬೋರ್ಡ್ ಮಾಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಒಂದು ವಿಷಯ ಗೊತ್ತು. ಯಾವ ಕಾಲಂ ಇರಬೇಕು ಅಂತ ಮೊದಲ ದಿನ ನಿರ್ಧರಿಸಿದವರು ಅರ್ಧ ಉತ್ತರವನ್ನೂ ಬರೆದಿಟ್ಟಿರುತ್ತಾರೆ.

ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ನಾನು ಓದಿದ ಬಹುಪಾಲು ಬರಹಗಳ ತೊಂದರೆಯೂ ಇದೇ. 2,050 ಮೆಗಾವಾಟ್, ಸುಮಾರು 13,000 ಎಕರೆ, ಐದು ಊರು, ಅಲ್ಲಿಗೆ ಮುಗೀತು. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು, ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಕೊಟ್ಟಿದ್ದು ಒಳ್ಳೆ ಯೋಚನೆಯೇ. ಮಳೆ ನಂಬಿ ಶೇಂಗಾ ಬಿತ್ತಿ ಸಾಲ ಬೆಳೆದ ಮನೆಗಳಿಗೆ ಅದು ಸಣ್ಣ ದುಡ್ಡಲ್ಲ. ಆದರೆ ದುಡ್ಡು ಹೋಗೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿನ ಹೆಸರು, ಕೊಯ್ಲಾದ ಮೇಲೆ ಕುರಿ ಬಿಡುತ್ತಿದ್ದವನ ಹೆಸರು ಯಾವ ಪಹಣಿಯಲ್ಲೂ ಇರಲ್ಲ. ಬೇಲಿ ಬಿತ್ತು, ಕೂಲಿ ಹೋಯ್ತು, ಮೇವೂ ಹೋಯ್ತು. ಸರ್ಕಾರಿ ಕಾಗದ 'ಬಂಜರು' ಅನ್ನುವ ಜಾಗದಲ್ಲೇ ನಮ್ಮೂರ ದನ ಮೇಯುತ್ತಿದ್ದದ್ದು, ಹಾಗಾಗಿ ಆ ಪದ ಕಂಡರೆ ನನಗೆ ಈಗಲೂ ಅನುಮಾನ.

ವಿಚಿತ್ರ ಅಂದ್ರೆ, ಇಂಥದ್ದನ್ನು ಲೆಕ್ಕ ಹಾಕೋದು ಹೇಗೆ ಅಂತ ಇದೇ ತುಮಕೂರು ಜಿಲ್ಲೆಯಲ್ಲೇ ತೋರಿಸಿಕೊಟ್ಟಿದ್ದರು. 1974ರಲ್ಲಿ ಐಐಎಸ್‌ಸಿಯಲ್ಲಿ ಅಮೂಲ್ಯ ರೆಡ್ಡಿ 'ಅಸ್ತ್ರ' ಶುರುಮಾಡಿದರು. ಅವರು ಓದಿದ್ದು ಎಲೆಕ್ಟ್ರೋಕೆಮಿಸ್ಟ್ರಿ, ಅಳೆಯೋಕೆ ಹೊರಟದ್ದು ಸೌದೆ ಹೊರೆ. ಕುಣಿಗಲ್ ತಾಲ್ಲೂಕಿನ ಪುರ ಮತ್ತು ಸುತ್ತಲಿನ ಊರುಗಳಲ್ಲಿ ಸೀಮೆಎಣ್ಣೆ, ಕರೆಂಟಿನ ಜೊತೆಗೆ ಎತ್ತಿನ ದುಡಿಮೆ, ಹೆಂಗಸರು ಮಕ್ಕಳು ಸೌದೆ ನೀರಿಗೆ ಕಳೆಯುವ ಗಂಟೆಗಳು ಎಲ್ಲವೂ ಒಂದೇ ಕೋಷ್ಟಕಕ್ಕೆ ಬಂದವು.

ಅವರೂ ಎಡವಿದರು. ಮೊದಲು ಗೋಬರ್ ಗ್ಯಾಸನ್ನು ಅಡುಗೆಗೆ ಕೊಡಲು ಹೋದರು, ಊರಿಗೆಲ್ಲ ಸಾಲುವಷ್ಟು ಸಗಣಿಯೇ ಇರಲಿಲ್ಲ. 1987ರಲ್ಲಿ ದಾರಿ ಬದಲಿಸಿ, ಅದೇ ಅನಿಲದಿಂದ ಎಂಜಿನ್ ಓಡಿಸಿ ಕುಡಿಯುವ ನೀರು, ಮನೆದೀಪ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ಕಾಸು ಸಿಗುತ್ತಿತ್ತು, ಬಗ್ಗಡ ಮತ್ತೆ ಗೊಬ್ಬರವಾಗಿ ವಾಪಸ್. ಎಡವಿದ್ದು ಹೇಗೆ ಅಂತ ರೆಡ್ಡಿಯವರೇ ಬರೆದರು.

ಪುರದ ಎಂಜಿನ್‌ನಿಂದ ನಮ್ಮ ಆಫೀಸಿನ ಎಸಿ ಓಡಲ್ಲ, ಒಪ್ಪಿದೆ. ಪಾವಗಡ ಬೇಕು. ನನ್ನ ತಕರಾರು ಪ್ಯಾನೆಲ್ ಮೇಲಲ್ಲ, ಕೋಷ್ಟಕದ ಮೇಲೆ. ಒಂದು ವರದಿಯ ಮುಖಪುಟದಲ್ಲಿ ನಾಲ್ಕು ವಿಭಾಗದವರ ಹೆಸರಿದ್ದ ಮಾತ್ರಕ್ಕೆ ಅದು ಬಹುಶಾಸ್ತ್ರೀಯ ಅಧ್ಯಯನ ಆಗಿಬಿಡುತ್ತಾ? ಒಬ್ಬರು ಯೂನಿಟ್ ಲೆಕ್ಕ ಹಾಕಿ, ಇನ್ನೊಬ್ಬರು ಕಾರ್ಬನ್ ಲೆಕ್ಕ ಹಾಕಿ, ಕುರಿಯವನ ವಿಷಯವನ್ನು ಕೊನೇ ಪುಟದ 'ಸಾಮಾಜಿಕ ಪರಿಣಾಮ'ಕ್ಕೆ ತಳ್ಳಿದರೆ ಪುರದಲ್ಲಿ ಕಲಿತದ್ದೇನು?

ಮೊನ್ನೆ ಟೀ ಬ್ರೇಕಲ್ಲಿ ಕೇಳಿದೆ, ನಮ್ಮ ಡ್ಯಾಶ್‌ಬೋರ್ಡಿಗೆ ಕೂಲಿ ದಿನ, ಮೇವಿನ ಎಕರೆ ಅಂತ ಎರಡು ಕಾಲಂ ಹಾಕೋಣ್ವಾ ಅಂತ. 'ಡೇಟಾ ಎಲ್ಲಿಂದ ತರ್ತೀಯಾ ಗುರು?' ಅಂದ ಗೆಳೆಯ.

ಪುರದಲ್ಲಿ ಮನೆಮನೆಗೆ ಹೋಗಿ ತಂದಿದ್ದರು.