ಫೋರ್ ಟೆನ್ ಮಸ್ಕೆಟ್ಟಿನ ಬೆಲೆ

ಹಳೆಯ ಮಿಲಿಟರಿ ರೈಫಲ್ಲುಗಳನ್ನು ಸಂಗ್ರಹಿಸುವವರ ಲೋಕದಲ್ಲಿ ಬೆಲೆ ಕಟ್ಟುವ ಕ್ರಮ ಸರಳ. ಬೋಲ್ಟಿನ ಹಿಡಿ, ನಳಿಗೆ ಕೂರುವ ರಿಸೀವರ್, ಮೂತಿಯ ಕಬ್ಬಿಣ, ಇವುಗಳ ಮೇಲೆ ಒಂದೇ ನಂಬರಿದ್ದರೆ ದರ ಏರುತ್ತದೆ. ಮರವನ್ನು ಯಾರಾದರೂ ಉಜ್ಜಿ ಪಾಲಿಶ್ ಹೊಡೆದಿದ್ದರೆ ಇಳಿಯುತ್ತದೆ. ಅಪರೂಪದ್ದಕ್ಕೆ ಹೆಚ್ಚು, ಲಕ್ಷಗಟ್ಟಲೆ ತಯಾರಾದದ್ದಕ್ಕೆ ಕಡಿಮೆ. ಮುಖ್ಯವಾಗಿ ಅಮೆರಿಕದ ಮಾರುಕಟ್ಟೆಯಲ್ಲಿ ಬೆಳೆದ ಈ ಲೆಕ್ಕದಲ್ಲಿ ಬಂಗಾಳದ ಇಶಾಪುರ ಕಾರ್ಖಾನೆಯ ಮಾಲು ಬಹುಕಾಲ ಕೆಳಗಿನ ಮೆಟ್ಟಿಲಲ್ಲೇ ಉಳಿಯಿತು. ಅದರಲ್ಲೂ ಫೋರ್ ಟೆನ್ (.410) ಮಸ್ಕೆಟ್ ಎಂದರೆ ತಾತ್ಸಾರವೇ. ಒಳ್ಳೆಯ .303 ರೈಫಲ್ಲನ್ನು ಕೆಡಿಸಿ ಮಾಡಿದ ಒಂಟಿ ಗುಂಡಿನ ಬಂದೂಕಿಗೆ ಯಾರು ದುಡ್ಡು ಸುರಿಯುತ್ತಾರೆ? ನನ್ನ ಎಣಿಕೆ ಇದಕ್ಕೆ ಪೂರಾ ಉಲ್ಟಾ. ನಮ್ಮ ಮಟ್ಟಿಗೆ ಇಶಾಪುರದಿಂದ ಹೊರಬಿದ್ದವುಗಳಲ್ಲಿ ಕಾಪಿಡಲು ಮೊದಲು ಲಾಯಕ್ಕಾದದ್ದು ಈ ಕೆಡಿಸಿದ ಮಾಲೇ.

ಅದನ್ನು ಕೈಗೆತ್ತಿಕೊಂಡವರಿಗೆ ಮೊದಲು ಕಾಣುವುದು ಪರಿಚಿತ ರೂಪ. ಬೆಂಗಳೂರಿನ ಮೈಸೂರು ರಸ್ತೆಯ ಪೊಲೀಸ್ ಮೈದಾನದ ಕವಾಯತು ಕಂಡವರಿಗೆ, ಕಾಲೇಜಿನ ಎನ್‌ಸಿಸಿಯಲ್ಲಿ ಭುಜ ನೋಯಿಸಿಕೊಂಡವರಿಗೆ ಗುರುತಿರುವ ಅದೇ ಗಿಡ್ಡ ಮೂತಿ, ಅದೇ ಹಿತ್ತಾಳೆಯ ಹಿಮ್ಮಡಿ, ನಾಲ್ಕು ಕೆಜಿಯಷ್ಟೇ ತೂಕ. ಬೋಲ್ಟಿನ ಹಿಡಿಯ ಕೆಳಗೆ, ಮರ ಶುರುವಾಗುವ ಕಡೆ, ಕಿರೀಟದ ಮುದ್ರೆ. ಚಕ್ರವರ್ತಿ ಜಾರ್ಜ್ ಎಂಬರ್ಥದ ಜಿ.ಆರ್.ಐ. ಅಕ್ಷರಗಳು, ಇಶಾಪುರದ ಹೆಸರು, ಇಸವಿ. ಮೋಸ ಬಯಲಾಗುವುದು ಬೋಲ್ಟ್ ಎಳೆದಾಗ. ಹತ್ತು ತೋಟಾ ಹಿಡಿಯಬೇಕಾದ ಮ್ಯಾಗಜೀನಿನ ಬಾಯಿಗೆ ಮರದ ತುಂಡು ಜಡಿದಿದೆ. ಒಂದೊಂದೇ ತೋಟಾ ಕೈಯಲ್ಲಿ ಇಟ್ಟು ಹೊಡೆಯಬೇಕು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಗುಂಡನ್ನು ತಿರುಗಿಸುವ ಗೀರುಗಳಿಲ್ಲ; 7.7 ಮಿಲಿಮೀಟರಿನ ತೂತನ್ನು 10.4ಕ್ಕೆ ಕೊರೆದು ನುಣ್ಣಗೆ ಮಾಡಿದ್ದಾರೆ. ತೋಟಾ ಕೂಡ .303ರದ್ದೇ, ಕತ್ತು ಮಾತ್ರ ಕಿರಿದಾಗಿಸಿಲ್ಲ. ಜೈಲಿನ ಕಾವಲಿಗೆ, ಪೊಲೀಸರಿಗೆ ಕೊಡಲು ಹೀಗೆ ಮಾಡಿದ್ದು. ಬಂದೂಕು ಕಳುವಾದರೂ ಸೈನ್ಯದ ತೋಟಾ ಅದಕ್ಕೆ ಹೊಂದದು, ಸಿಪಾಯಿಯೇ ತಿರುಗಿಬಿದ್ದರೂ ಅವನ ಕೈಯಲ್ಲಿರುವುದು ಒಂದೇ ಈಡು.

ಈ ಅಪನಂಬಿಕೆ ಹೊಸದಾಗಿರಲಿಲ್ಲ. 1857ರ ದಂಗೆಯ ಬೆನ್ನಿಗೇ ಭಾರತೀಯ ಸಿಪಾಯಿಗಳಿಗೆಂದು ಎನ್‌ಫೀಲ್ಡ್ ಬಂದೂಕಿನ ನುಣುಪು ನಳಿಗೆಯ ಮಾದರಿಯೊಂದು ಬಂತು. ಹೊರಗಿನಿಂದ ಗೋರಾ ಸೈನಿಕನ ರೈಫಲ್ಲಿನ ತದ್ರೂಪ, ಒಳಗೆ ದೂರದ ಗುರಿಗೆ ಬಾರದ ನಳಿಗೆ. 1878ರಲ್ಲಿ ವೈಸರಾಯ್ ಲಿಟ್ಟನ್ ತಂದ ಆಯುಧ ಕಾಯ್ದೆ ಅದೇ ಬುದ್ಧಿಯನ್ನು ಜನಸಾಮಾನ್ಯರಿಗೂ ಹಿಗ್ಗಿಸಿತು. ಸ್ವತಂತ್ರ ಭಾರತ ಆ ಕಾಯ್ದೆಯನ್ನು 1959ರಲ್ಲಿ ಬದಲಾಯಿಸಿತೇನೋ ನಿಜ, ಆದರೆ 1962ರ ನಿಯಮಗಳ ಪಟ್ಟಿ ತೆರೆದರೆ .303, 7.62 ಮಿಲಿಮೀಟರ್ ರೈಫಲ್ಲುಗಳ ಜೊತೆಗೆ .410 ಮಸ್ಕೆಟ್ ಕೂಡ ಜನರ ಕೈಗೆ ಸಿಗಬಾರದ ಬೋರುಗಳ ಸಾಲಿನಲ್ಲಿ ಕೂತಿದೆ. ಪ್ರಜೆಗೆ ಬೇಕಾದರೆ ಅದೇ ಇಶಾಪುರ .315 ರೈಫಲ್ ಮಾಡಿಕೊಟ್ಟಿತು: ಅದೇ ಬೋಲ್ಟು, ಅದೇ ಮೈಕಟ್ಟು, ಸೈನ್ಯದ ತೋಟಾ ಮಾತ್ರ ಹಿಡಿಸದ ನಳಿಗೆ. ಆಳುವವನ ಭಯ ಎಷ್ಟು ದಪ್ಪವಿತ್ತೆಂದು ಗೇಜ್ ಹಾಕಿ ಅಳೆಯಬಹುದಾದ ವಸ್ತುಗಳು ಬಹಳ ಇಲ್ಲ. ಇವು ಅಂಥವು. ನಂಬರು ಹೊಂದುವುದೋ ಇಲ್ಲವೋ ಎಂದು ಹುಡುಕುವ ಕಣ್ಣಿಗೆ ಇದು ಬೀಳುವುದೇ ಇಲ್ಲ, ಸಂಗ್ರಹಕಾರರ ಪದ್ಧತಿಯ ಮೇಲೆ ನನ್ನ ಮುಖ್ಯ ತಕರಾರು ಇದು. ಬಂದೂಕನ್ನು ಅದು ಹುಟ್ಟಿದ ದಿನದ ಸ್ಥಿತಿಗೆ ಹೋಲಿಸಿ ತೂಗುತ್ತಾರೆ. ಆಮೇಲೆ ಅದಕ್ಕೆ ಆದದ್ದೆಲ್ಲ ಅವರಿಗೆ ಹಾನಿ. ಅಮೆರಿಕದ ಕಾನೂನಿನಂತೆ ಆಮದುದಾರ ತನ್ನ ಹೆಸರನ್ನು ಬಂದೂಕಿನ ಮೇಲೆ ಕೆತ್ತಿಸಬೇಕು. ಆ ಕೆತ್ತನೆಯನ್ನು ಅವರು ಕಲೆ ಎಂದು ದರ ಇಳಿಸುತ್ತಾರೆ. ಭಾರತದ ಆಯುಧ ಕೋಠಿಯಿಂದ ಅಲ್ಲಿಯ ಅಂಗಡಿಗೆ ಬಂದ ದಾರಿಗೆ ಎಷ್ಟೋ ಸಲ ಅದೊಂದೇ ಸಾಕ್ಷಿ.

ಹಾಗೆಂದು ಅವರ ವಿದ್ಯೆಯನ್ನು ತಳ್ಳಿಹಾಕುವಂತಿಲ್ಲ. ಮುಂಗಟ್ಟಿನ ಮರಕ್ಕೆ ಅಡ್ಡ ಹಾಯಿಸಿದ ಒಂದು ಸ್ಕ್ರೂ ನೋಡಿ ಇದು ಭಾರತದಲ್ಲಿ ದುರಸ್ತಿಯಾದದ್ದು ಎನ್ನುವ, ಸುತ್ತಿದ ತಂತಿ ನೋಡಿ ಇದರಿಂದ ಗ್ರೆನೇಡ್ ಹಾರಿಸುತ್ತಿದ್ದರು ಎನ್ನುವ ಓದು ಅವರದೇ. 1962ರ ಯುದ್ಧದ ನಂತರ ಇಶಾಪುರ ಮಾಡಿದ 7.62ರ ರೈಫಲ್ಲು ಹಳೆಯದನ್ನು ತಿದ್ದಿ ಮಾಡಿದ್ದಲ್ಲ, ಬೇರೆ ಉಕ್ಕಿನಲ್ಲಿ ಹೊಸದಾಗಿ ತಯಾರಾದದ್ದು ಎಂಬುದನ್ನು ಎತ್ತಿ ಹೇಳುತ್ತಾ ಬಂದವರೂ ಅವರೇ. ಮಾರುಕಟ್ಟೆ ಇಲ್ಲದಿದ್ದರೆ ಇವೆಲ್ಲ ಕರಗಿ ಕಬ್ಬಿಣದ ಸರಳಾಗುತ್ತಿದ್ದವು ಎಂಬ ಅವರ ಮಾತಿನಲ್ಲೂ ಹುರುಳಿದೆ. 2020ರ ಗಣರಾಜ್ಯೋತ್ಸವದಲ್ಲಿ ಉತ್ತರ ಪ್ರದೇಶದ ಪೊಲೀಸರು .303ಗೆ ವಿದಾಯ ಹೇಳಿದರು. ಕವಾಯತಿನಿಂದ ಇಳಿದ ಬಂದೂಕಿಗೆ ನಮ್ಮಲ್ಲಿ ಕಾಯುವವರು ಕಡಿಮೆ. ಆದರೆ ಬೆಲೆ ಉಳಿಸುವಷ್ಟೇ ಕೆಡಿಸಲೂಬಲ್ಲದು. ನಂಬರು ಹೊಂದಿದರೆ ದುಡ್ಡು ಎಂದಾದ ಮೇಲೆ ಹಳೆಯ ನಂಬರು ಅರೆದು ಹೊಸದು ಒತ್ತುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ?

ಕೊಡಗನ್ನು ಎತ್ತಿ ಕೇಳುವವರು ಇದ್ದೇ ಇರುತ್ತಾರೆ: ಅಲ್ಲಿ ಮನೆಮನೆಯಲ್ಲೂ ಕೋವಿ ಉಳಿದಿಲ್ಲವೇ, ಪೇಟೆಯ ದರವಿಲ್ಲದೆ? ಉಳಿದಿದೆ. ಕೈಲ್‌ಪೊಳ್ದ್ ಆಯುಧ ಹಬ್ಬದ ದಿನ ತೋಕ್‌ಪೂ ಎಂಬ ಹೂ ಸಿಕ್ಕಿಸಿಕೊಂಡು, ಗಂಡು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸುತ್ತ ಉಳಿದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿಯ ಬೇರು 1861ರದ್ದು. ದಂಗೆಯ ಮರುಕಾಲದಲ್ಲಿ ನೆಚ್ಚಿನವರಿಗೆ ಸಿಕ್ಕ ನಂಬಿಕೆ ಅದು. ಆ ಕೋವಿಯ ಪಕ್ಕದಲ್ಲಿ ನಂಬದವರಿಗೆ ಕೊಟ್ಟ ಫೋರ್ ಟೆನ್ ಇಟ್ಟರೆ ಒಂದೇ ಆಳ್ವಿಕೆಯ ಎರಡು ಮುಖ ಕಾಣುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಒಂದು ಸಂಪ್ರದಾಯ, ಇನ್ನೊಂದು ಗುಜರಿ.

ಕಾನೂನು ಸಡಿಲಿಸಿ ವಿಜಯನಗರ, ಬಸವೇಶ್ವರನಗರದ ಮನೆಗಳ ಗೋಡೆಗೂ ರೈಫಲ್ ಬರಲಿ ಎನ್ನುವುದು ನನ್ನ ಬೇಡಿಕೆಯಲ್ಲ. ಗೋಡೆಗೆ ಗೋಡೆ ತಾಗಿದ ಈ ಬಡಾವಣೆಗಳಲ್ಲಿ ಗುಂಡು ಹಾರುವ ಬಂದೂಕು ಕಡಿಮೆ ಇದ್ದಷ್ಟೂ ಒಳ್ಳೆಯದು. ಆಯುಧ ಕಾಯ್ದೆಯ 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು ಎಂದದ್ದಕ್ಕೂ ನನಗೆ ಆಕ್ಷೇಪವಿಲ್ಲ. ಹಳೆಯದನ್ನು ಕಾಪಿಡಲು ಅದೇ ಕಾಯ್ದೆಯ 45ನೇ ಕಲಮಿನಲ್ಲೇ ದಾರಿಯಿದೆ: ದುರಸ್ತಿ ಮಾಡಿದರೂ ಹಾರದ ಹಳೆಯ ಮಾದರಿಯ ಆಯುಧಕ್ಕೆ ಲೈಸೆನ್ಸಿನ ಗೊಡವೆಯಿಲ್ಲ. ಸರ್ಕಾರಿ ಕೋಠಿಗಳಿಂದ ಹೊರಬೀಳುವವುಗಳಲ್ಲಿ ಮಾದರಿಗೊಂದರಂತೆ ನಳಿಗೆ ಮುಚ್ಚಿಸಿ ಸಂಗ್ರಹಾಲಯಕ್ಕೆ ಕೊಟ್ಟರೆ ಸಾಕು. ಆದರೆ ‘ಹಳೆಯ ಬಂದೂಕು’ ಎಂದು ಚೀಟಿ ಅಂಟಿಸಿ ಗಾಜಿನೊಳಗೆ ಮಲಗಿಸುವುದಾದರೆ ಕರಗಿಸಿದರೂ ಅಷ್ಟೇ. ಯಾವ ವರ್ಷ ಹುಟ್ಟಿತು, ಯಾವ ವರ್ಷ ಕೊರೆದರು, ಯಾರ ಕೈಗೆ ಕೊಡಲೆಂದು ಕೊರೆದರು, ಈ ಮೂರು ಸಾಲು ಚೀಟಿಯ ಮೇಲೆ ಬೇಕು. ಮುಚ್ಚಿಸುವ ಮೊದಲು ಯಾರಾದರೂ ನಳಿಗೆಯೊಳಗೆ ಇಣುಕಿ ಬರೆದಿಟ್ಟುಕೊಳ್ಳಬೇಕು. ಅದಕ್ಕೆ ಲಂಡನ್ನಿನ ಹರಾಜಿನವನನ್ನು ಕರೆಸಬೇಕಿಲ್ಲ. ತೂತನ್ನು ಎಷ್ಟು ನುಣುಪಾಗಿ ಕೊರೆದಿದ್ದಾರೆ, ಈಗ ಎಷ್ಟು ಸವೆದಿದೆ ಎಂಬುದನ್ನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು ಟಾರ್ಚ್ ಹಾಕಿ ನೋಡಿಯೇ ಹೇಳಿಯಾರು.