ಮೂಗನ ಬೆಲ್ಲಕ್ಕೆ ಇಂಗ್ಲಿಷಿನ ಮಾತು

ಇಂಗ್ಲಿಷಿನ ‘ಮಿಸ್ಟರಿ’, ‘ಮಿಸ್ಟೀರಿಯಸ್’, ‘ಮಿಸ್ಟಿಕ್’, ‘ಮಿಸ್ಟಿಸಿಸಂ’ ಎಂಬ ಮಾತುಗಳು ಒಂದೇ ಬಳ್ಳಿಯ ಕಾಯಿಗಳು. ಅವುಗಳ ಮೂಲವನ್ನು ಪಂಡಿತರು ‘ಮುಚ್ಚು’ ಎಂಬರ್ಥದ ಗ್ರೀಕ್ ಧಾತುವಿನಲ್ಲಿ ಕಾಣುತ್ತಾರೆ. ಕಣ್ಣು ಮುಚ್ಚುವುದು, ಬಾಯಿ ಮುಚ್ಚುವುದು. ಬಳ್ಳಿ ಒಂದಾದರೂ ರುಚಿ ಒಂದಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರನಾರೆಂಬುದು ಮಿಸ್ಟರಿ. ಕೊನೆಯ ಪುಟದಲ್ಲಿ ಅದು ಬಯಲಾಗುತ್ತದೆ, ಬಯಲಾದೊಡನೆ ಮುಗಿಯುತ್ತದೆ. ಅಲ್ಲಮಪ್ರಭುವಿನ ವಚನ ಅರ್ಥವಾದ ಮೇಲೆಯೂ ಮುಗಿಯುವುದಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಮ್ಮ ವಿಮರ್ಶೆಗೆ ಒದಗುವ ಹಾನಿ ಅಲ್ಪವಲ್ಲ.

ಈ ಹಾನಿಯನ್ನು ಮೊದಲೇ ಮನಗಂಡು ಎಚ್ಚರಿಸಿದವರಲ್ಲಿ ಒಬ್ಬರು ಜಮಖಂಡಿಯ ರಾಮಚಂದ್ರ ದತ್ತಾತ್ರೇಯ ರಾನಡೆಯವರು. 1886ರಲ್ಲಿ ಆ ಊರಿನಲ್ಲಿ ಹುಟ್ಟಿ, ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ, 1901ರಲ್ಲಿ ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದವರು. ಮುಂದೆ ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಕೀರ್ತಿ ಗಳಿಸಿದರು. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಅರಮನೆಯ ಮಾತು ಮರಾಠಿ, ಪೇಟೆಯ ಮಾತು ಕನ್ನಡ, ಹೊರಗಿನ ವಿದ್ಯೆಯ ಮಾತು ಇಂಗ್ಲಿಷು. ಮೂರು ಭಾಷೆಗಳ ನಡುವೆ ಬೆಳೆದವರಿಗೆ ಶಬ್ದದ ತೂಕವನ್ನು ನೋಡಿ ಬಳಸುವ ಅಭ್ಯಾಸ ತಾನಾಗಿ ಬಂದೀತು.

1933ರಲ್ಲಿ ಪ್ರಕಟವಾದ ಅವರ ‘ಮಿಸ್ಟಿಸಿಸಂ ಇನ್ ಮಹಾರಾಷ್ಟ್ರ’ ಎಂಬ ಗ್ರಂಥದ ಮುನ್ನುಡಿಯನ್ನು ನೋಡಿರಿ. ಮಿಸ್ಟಿಸಿಸಂ ಎಂದರೆ ದೇವರನ್ನು ನೇರವಾಗಿ, ನಡುವೆ ಮತ್ತೊಂದಿಲ್ಲದೆ, ತಾನೇ ಅರಿಯುವ ಮನೋಧರ್ಮ. ಅದನ್ನು ಗೂಢವಿದ್ಯೆ ಎಂದಾಗಲಿ ನಿಗೂಢ ವ್ಯಾಪಾರವೆಂದಾಗಲಿ ತಿಳಿಯಲು ಕಾರಣವಿಲ್ಲ ಎಂಬುದು ಅಲ್ಲಿಯ ಅಭಿಪ್ರಾಯ. ಅದು ದೇವರನ್ನು ಮೌನದಲ್ಲಿ ಸವಿಯುವುದು. ಆದುದರಿಂದಲೇ ಮಾತಿಗೆ ನಿಲುಕದ್ದು. ನಮ್ಮ ಗಾದೆಯ ಮಾತಿನಲ್ಲಿ ಹೇಳುವುದಾದರೆ, ಮೂಗ ಬೆಲ್ಲ ತಿಂದಂತೆ. ಬಲ್ಲೆ, ಆದರೆ ಹೇಳೆನು ಎಂಬುದು ಗುಟ್ಟು. ಹೇಳಬೇಕೆಂದರೂ ಹೇಳಲಾರೆನು ಎಂಬುದು ಅನುಭಾವ. ಎರಡರಲ್ಲೂ ಬಾಯಿ ಮುಚ್ಚಿಯೇ ಇದೆ, ಕಾರಣ ಮಾತ್ರ ಬೇರೆ.

ಆ ವ್ಯಾಖ್ಯೆಯಲ್ಲಿ ರಾನಡೆಯವರು ಆರಿಸಿಕೊಂಡ ಮತ್ತೊಂದು ಶಬ್ದ ‘ಅಪ್ರಿಹೆನ್ಷನ್’. ವೃತ್ತಪತ್ರಿಕೆ ಓದುವ ನಮಗೆ ಇದು ಭೀತಿ, ಶಂಕೆ ಎಂಬ ಅರ್ಥದಲ್ಲಿಯೇ ಹೆಚ್ಚು ಪರಿಚಿತ. ಅದರ ಅಣ್ಣತಮ್ಮನಂತಿರುವ ‘ಕಾಂಪ್ರಿಹೆನ್ಷನ್’ ಶಾಲೆಯ ಪರೀಕ್ಷೆಯಿಂದ ಎಲ್ಲರಿಗೂ ಗೊತ್ತು. ಎರಡರ ಮೂಲದಲ್ಲಿಯೂ ‘ಹಿಡಿ’ ಎಂಬರ್ಥದ ಲ್ಯಾಟಿನ್ ಧಾತುವಿದೆ. ಒಂದು ಕೈಗೆ ತಾಕಿಸಿ ಹಿಡಿಯುವುದು, ಇನ್ನೊಂದು ಸುತ್ತಲೂ ತಬ್ಬಿ ತನ್ನೊಳಗೆ ಸೇರಿಸಿಕೊಳ್ಳುವುದು. ಕೃಷ್ಣೆಯ ದಡದಲ್ಲಿ ಕುಳಿತು ಬೊಗಸೆ ತುಂಬ ನೀರೆತ್ತಿದವನು ಹೊಳೆಯನ್ನು ಮುಟ್ಟಿದ್ದಾನೆ, ಕುಡಿದೂ ಇದ್ದಾನೆ. ಹೊಳೆ ಅವನ ಬೊಗಸೆಯಲ್ಲಿಲ್ಲ. ದೇವರ ವಿಷಯದಲ್ಲಿ ರಾನಡೆಯವರು ಮೊದಲನೆಯ ಮಾತನ್ನೇ ಬಳಸಿದುದು ಅವರ ಶಬ್ದಶುದ್ಧಿಗೂ ವಿನಯಕ್ಕೂ ಸಾಕ್ಷಿ.

ಕನ್ನಡದ ಭಾಗ್ಯ ಈ ವಿಷಯದಲ್ಲಿ ದೊಡ್ಡದು. ಹಿಂದಿಯವರು ಮಿಸ್ಟಿಸಿಸಮ್ಮಿಗೆ ‘ರಹಸ್ಯವಾದ’ ಎಂದು ಹೆಸರಿಟ್ಟರು. ಉಪನಿಷತ್ತನ್ನೇ ರಹಸ್ಯವೆಂದು ಕರೆಯುವ ಪರಂಪರೆ ಇರುವುದರಿಂದ ಅದು ನಿರಾಧಾರವೂ ಅಲ್ಲ. ಆದರೂ ಗುಟ್ಟಿನ ವಾಸನೆ ಅದನ್ನು ಬಿಡದು. ನಮ್ಮಲ್ಲಿ ಶರಣರ ಕಾಲದಿಂದಲೂ ‘ಅನುಭಾವ’ವಿದೆ. ‘ಅನುಭವ’ಕ್ಕೆ ಒಂದು ದೀರ್ಘ ಸೇರಿದೆ, ಅಷ್ಟೆ, ಲೋಕದ ಅನುಭವದಿಂದ ಅದು ದೂರ ಹೋಗದೆ ಅದರ ಆಳಕ್ಕಿಳಿಯುತ್ತದೆ. ಇಂಗ್ಲಿಷಿನ ‘ಎಕ್ಸ್‌ಪೀರಿಯನ್ಸ್’ಗೆ ಇಂತಹ ಒಡಹುಟ್ಟು ಇಲ್ಲ. ರಬಕವಿ–ಬನಹಟ್ಟಿಯ ನೇಕಾರನೊಬ್ಬನು ಭಜನೆಯಲ್ಲಿ ತತ್ತ್ವಪದ ಹಾಡಿದರೆ, ಕೇಳಿದವರಾರೂ ಅವನು ಗುಟ್ಟು ಮುಚ್ಚಿಟ್ಟನೆನ್ನುವುದಿಲ್ಲ. ಹಾಡಿನಲ್ಲಿ ಅನುಭಾವವಿದೆ ಎನ್ನುತ್ತಾರೆ.

ಇಷ್ಟು ಸೂಕ್ಷ್ಮದೃಷ್ಟಿಯ ರಾನಡೆಯವರಲ್ಲಿಯೂ ಒಂದು ಮಾತು ನಮಗೆ ಒಪ್ಪಿಗೆಯಾಗುವುದಿಲ್ಲ. ಅವರ ನಿಧನಾನಂತರ 1960ರಲ್ಲಿ ಹೊರಬಂದ ‘ಪಾತ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’ ಗ್ರಂಥದಲ್ಲಿ ವೀರಶೈವ ಶರಣರಿಗೂ ಹರಿದಾಸರಿಗೂ ‘ಸೇಂಟ್’ ಎಂಬ ಒಂದೇ ಹೆಸರು. ಮರಾಠಿಯ ‘ಸಂತ’ನಿಗೆ ಇದು ಕಿವಿಗೆ ಹೊಂದುತ್ತದೆ. ಆದರೆ ಆ ಹೋಲಿಕೆ ಕೇವಲ ಆಕಸ್ಮಿಕ: ‘ಸಂತ’ನಿಗೆ ಮೂಲ ಸಂಸ್ಕೃತದ ‘ಸತ್’, ‘ಸೇಂಟ್’ಗೆ ಮೂಲ ಪವಿತ್ರವೆಂಬರ್ಥದ ಲ್ಯಾಟಿನ್ ಶಬ್ದ. ಅಲ್ಲದೆ ಸೇಂಟ್ ಎಂಬುದು ಸತ್ತ ಮೇಲೆ ಚರ್ಚು ಕೊಡುವ ಬಿರುದು. ಶರಣನೆಂದರೆ ಮೊರೆಹೊಕ್ಕವನು, ದಾಸನೆಂದರೆ ಆಳು. ಪುರಂದರರು ದಾಸನೆಂದು ಕರೆದುಕೊಂಡುದು ತಮ್ಮನ್ನು ತಾವೇ, ಅದೂ ಬದುಕಿರುವಾಗಲೇ. ತಗ್ಗಿ ನಿಂತವರನ್ನು ಪೀಠದ ಮೇಲೆ ಕೂರಿಸಿದರೆ ಅವರ ಹಾಡಿನ ದನಿಯೇ ಬದಲಾಗುತ್ತದೆ. ಶರಣನಿಗೂ ದಾಸನಿಗೂ ಇರುವ ಅಂತರವೂ ಅಳಿಸಿಹೋಗುತ್ತದೆ.

ಗುರು, ಯೋಗ, ಕರ್ಮಗಳನ್ನು ಇಂಗ್ಲಿಷು ಹಾಗೆಯೇ ತೆಗೆದುಕೊಂಡು ಅರಗಿಸಿಕೊಂಡಿದೆ. ಶರಣ, ದಾಸ, ಅನುಭಾವಗಳನ್ನೂ ಅದು ಅರಗಿಸಿಕೊಂಡೀತು. ನಮ್ಮ ಅನುವಾದಕರು ಅವನ್ನು ಹಾಗೆಯೇ ಇಟ್ಟು, ಬೇಕಿದ್ದರೆ ನಾಲ್ಕು ಸಾಲಿನ ವಿವರಣೆ ಕೊಡಲಿ. ಅನ್ಯಭಾಷೆಯ ಒಂದು ಶಬ್ದವನ್ನು ಮೈಲಿಗೆಯಿಂದ ಬಿಡಿಸಿ ಶುದ್ಧಮಾಡಿದ ರಾನಡೆಯವರಿಗೆ ಅವರ ಊರಿನ ಸೀಮೆಯ ಭಾಷೆ ಸಲ್ಲಿಸಬಹುದಾದ ಗೌರವವೂ ಅದೇ.